ಏರ್ ರೇಡ್ ಮತ್ತು ಪ್ರೊ-ಸ್ಟೈಲ್: ಕ್ವಾರ್ಟರ್‌ಬ್ಯಾಕ್ ಪಳಗುವುದು ಯಾವುದರಲ್ಲಿ?

ಅಮೆರಿಕದ ಕಾಲೇಜು ಫುಟ್‌ಬಾಲಿನ ಏರ್ ರೇಡ್ (ಹೆಚ್ಚಾಗಿ ಎಸೆತವನ್ನೇ ನಂಬಿದ ಆಟ) ಮತ್ತು ಪ್ರೊ-ಸ್ಟೈಲ್ (ವೃತ್ತಿಪರ ತಂಡಗಳಂತೆ ಓಟ, ಎಸೆತ ಎರಡನ್ನೂ ಬೆರೆಸುವ ಆಟ) ಆಕ್ರಮಣ ಪದ್ಧತಿಗಳನ್ನು ನಾನು ಬಹುಕಾಲ ಪ್ರೇಕ್ಷಕನಾಗಿಯಷ್ಟೇ ತೂಗಿ ನೋಡುತ್ತಿದ್ದೆ. ಡಲ್ಲಾಸ್ ಬಳಿಯ ನಮ್ಮ ಬಡಾವಣೆಯ ಹುಡುಗರ ಫ್ಲ್ಯಾಗ್ ಫುಟ್‌ಬಾಲ್ (ಕೆಡವುವ ಬದಲು ಸೊಂಟದ ಪಟ್ಟಿ ಕಿತ್ತು ಆಟಗಾರನನ್ನು ತಡೆಯುವ ಆಟ) ತಂಡಕ್ಕೆ ತರಬೇತಿ ಕೊಡುವ ಅವಕಾಶ ಬಂದಾಗ, ಒಂದು ಋತುವಿನಲ್ಲಿ ಮೊದಲನೆಯದನ್ನೂ ಮುಂದಿನ ಋತುವಿನಲ್ಲಿ ಎರಡನೆಯದನ್ನೂ ಒಬ್ಬನೇ ಹುಡುಗನಿಗೆ, ನಮ್ಮ ಕ್ವಾರ್ಟರ್‌ಬ್ಯಾಕ್‌ಗೆ (ಚೆಂಡು ಎಸೆದು ಆಕ್ರಮಣ ನಡೆಸುವ ಆಟಗಾರ), ಕಲಿಸಿ ನೋಡಿದೆ.

ತರಬೇತುದಾರರಾದ ಹ್ಯಾಲ್ ಮಮಿ ಮತ್ತು ಮೈಕ್ ಲೀಚ್ 1989ರಿಂದ ಅಯೋವಾ ವೆಸ್ಲಿಯನ್ ಎಂಬ ಸಣ್ಣ ಕಾಲೇಜಿನಲ್ಲಿ ರೂಪಿಸಿದ ಏರ್ ರೇಡ್‌ನ ಬಲವಿರುವುದು ಅದರ ಮಿತವ್ಯಯದಲ್ಲಿ: ಕಲಿಯಬೇಕಾದ ಆಟಗಳು ಕೆಲವೇ, ಆದರೆ ಅವನ್ನು ನಿದ್ದೆಯಲ್ಲೂ ಆಡುವಷ್ಟು ಅಭ್ಯಾಸ ಮಾಡಿಸಲಾಗುತ್ತದೆ. ಇಬ್ಬರು ರಿಸೀವರ್‌ಗಳು (ಎಸೆದ ಚೆಂಡು ಹಿಡಿಯುವವರು) ಭುಜ ತಾಗುವಷ್ಟು ಹತ್ತಿರದಲ್ಲಿ ಅಡ್ಡಹಾಯುವ ‘ಮೆಶ್’ ಆಟವನ್ನೇ ಪದೇ ಪದೇ ಆಡಿಸಿದಾಗ, ಯಾರು ಎಲ್ಲಿರುತ್ತಾರೆಂದು ಹುಡುಕುವ ಕೆಲಸ ತಪ್ಪಿದ್ದರಿಂದ ನಮ್ಮ ಹುಡುಗನ ಕೈಯಿಂದ ಚೆಂಡು ಬೇಗ ಹೊರಡತೊಡಗಿತು, ಅವನ ಧೈರ್ಯವೂ ಕಣ್ಣಿಗೆ ಕಾಣುವಂತೆ ಬೆಳೆಯಿತು. 2016ರಲ್ಲಿ ಟೆಕ್ಸಸ್ ಟೆಕ್‌ನ ಪ್ಯಾಟ್ರಿಕ್ ಮಹೋಮ್ಸ್ ಓಕ್ಲಹೋಮಾ ವಿರುದ್ಧ ಒಂದೇ ಪಂದ್ಯದಲ್ಲಿ 88 ಬಾರಿ ಎಸೆದು 734 ಗಜ ಗಳಿಸಿದ್ದು ಇದೇ ಪರಂಪರೆಯಲ್ಲಿ. ಅಷ್ಟು ಎಸೆತಗಳ ಅನುಭವವನ್ನು ಬೇರೆ ಯಾವ ಪದ್ಧತಿಯೂ ಸುಲಭವಾಗಿ ಕೊಡಲಾರದು.

ಪ್ರೊ-ಸ್ಟೈಲ್ ನಮ್ಮಲ್ಲಿ ನಿಧಾನವಾಗಿ ಫಲ ಕೊಟ್ಟಿತು. ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಆರಂಭಿಸುವ ಸೆಂಟರ್‌ನ ಬೆನ್ನಿಗೇ ನಿಂತು ಚೆಂಡು ಪಡೆದು, ಓಟಗಾರನಿಗೆ ಕೊಟ್ಟಂತೆ ನಟಿಸುವಾಗ ಕ್ವಾರ್ಟರ್‌ಬ್ಯಾಕ್ ರಕ್ಷಣಾ ಪಡೆಗೆ ಬೆನ್ನು ತಿರುಗಿಸಬೇಕಾಗುತ್ತದೆ. ಮತ್ತೆ ತಿರುಗಿದ ಕ್ಷಣದಲ್ಲಿ ಸೇಫ್ಟಿ (ರಕ್ಷಣೆಯ ಕೊನೆಯ ಸಾಲಿನ ಆಟಗಾರ) ಎಲ್ಲಿಗೆ ಸರಿದಿದ್ದಾನೆಂದು ಕಂಡುಕೊಳ್ಳುವುದು ನಮ್ಮ ಹುಡುಗನಿಗೆ ಋತುವಿನ ಅರ್ಧದವರೆಗೂ ಕಷ್ಟವಾಗಿತ್ತು. ಆದರೆ ಅದು ಕೈವಶವಾದ ಮೇಲೆ, ಮೊದಲ ರಿಸೀವರ್ ಸಿಗದಾಗ ಗಾಬರಿಯಿಂದ ಓಡುತ್ತಿದ್ದವನು ಪಾದ ಸ್ಥಿರವಾಗಿಟ್ಟು ಮೂರನೆಯವನವರೆಗೂ ನೋಡತೊಡಗಿದ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಮುಂಚೂಣಿಯ ಕಾವಲನ್ನು ಹೊಂದಿಸುವ ಮುಖ್ಯ ಪಾಠವನ್ನು ಮಾತ್ರ ಫ್ಲ್ಯಾಗ್ ಫುಟ್‌ಬಾಲಿನಲ್ಲಿ ಪರೀಕ್ಷಿಸಲಾಗುವುದಿಲ್ಲ.

ದೊಡ್ಡ ಅಂಗಳದ ಸಾಕ್ಷ್ಯವೂ ಒಂದೇ ಕಡೆಗೆ ವಾಲುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಏರ್ ರೇಡ್‌ನಿಂದ ಬಂದ ಜ್ಯಾರೆಡ್ ಗಾಫ್ 2016ರ ಡ್ರಾಫ್ಟ್‌ನ (ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವ ಪ್ರಕ್ರಿಯೆ) ಮೊದಲ ಆಯ್ಕೆಯಾಗಿಯೂ ಆ ವರ್ಷ ಆರಂಭಿಸಿದ 7 ಪಂದ್ಯಗಳನ್ನೂ ಸೋತರು, ಆದರೆ ಶಾನ್ ಮೆಕ್‌ವೇ ತರಬೇತಿಯ ಎರಡನೇ ಋತುವಿನಲ್ಲೇ ವೃತ್ತಿಪರ ಲೀಗ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ತಲುಪಿದರು. ಪ್ರೊ-ಸ್ಟೈಲ್‌ನ ಸ್ಟ್ಯಾನ್‌ಫರ್ಡ್, ವೃತ್ತಿಪರ ಲೀಗ್‌ನಲ್ಲಿ ಯಶಸ್ವಿಯಾದ ಆ್ಯಂಡ್ರೂ ಲಕ್ ಅವರನ್ನು ಕೊಟ್ಟಿತು. ಅದೇ ಬಗೆಯ ಆಟದಿಂದ ಬಂದ ಮ್ಯಾಟ್ ಲೈನಾರ್ಟ್ ವೃತ್ತಿಪರ ಲೀಗ್‌ನಲ್ಲಿ ನೆಲೆಯೂರಲಿಲ್ಲ.

ನನ್ನ ಮಟ್ಟಿಗೆ ಇಲ್ಲಿ ನಿರ್ಣಾಯಕವಾದುದು, ಸ್ನ್ಯಾಪ್‌ಗೆ (ಚೆಂಡು ಹಿಂದಕ್ಕೆ ಬಂದು ಆಟ ಶುರುವಾಗುವ ಕ್ಷಣ) ಮುನ್ನ ಎದುರಾಳಿಯ ರಕ್ಷಣೆಯನ್ನು ಯಾರು ಓದುತ್ತಾರೆ ಎಂಬುದು. ಲೀಚ್ ತಮ್ಮ ಕ್ವಾರ್ಟರ್‌ಬ್ಯಾಕ್‌ಗಳಿಗೆ ಆಟ ಬದಲಿಸುವ ಅಧಿಕಾರ ಕೊಟ್ಟಿದ್ದರು, ಸ್ಟ್ಯಾನ್‌ಫರ್ಡ್ ಲಕ್‌ಗೆ ಕೊಟ್ಟಿತ್ತು. ಹುಡುಗರು ಪ್ರತಿ ಬಾರಿಯೂ ಅಂಚಿನಲ್ಲಿರುವ ತರಬೇತುದಾರನತ್ತ ತಿರುಗಿ ಸನ್ನೆಗಾಗಿ ಕಾಯುವ ವೇಗದ ಸ್ಪ್ರೆಡ್ ಆಟಗಳು (ಆಟಗಾರರನ್ನು ಅಂಗಳದಗಲಕ್ಕೆ ಹರಡುವ ಪದ್ಧತಿ) ಶನಿವಾರದ ಕಾಲೇಜು ಪಂದ್ಯ ಗೆಲ್ಲಿಸಬಹುದು, ಆದರೆ ಆ ಓದು ತರಬೇತುದಾರನಲ್ಲೇ ಉಳಿಯುತ್ತದೆ. ಇದು ನನಗೆ ನಿಜವಾಗಿಯೂ ನೋವು ಕೊಡುವ ಸಂಗತಿ.

ಆದ್ದರಿಂದ ಹೊಸ ಹುಡುಗನಿಗೆ ನಾನು ಮೊದಲು ಏರ್ ರೇಡ್‌ನ ನಾಲ್ಕೈದು ಆಟಗಳನ್ನೇ ಕಲಿಸುತ್ತೇನೆ, ಬೆನ್ನು ತಿರುಗಿಸುವ ಆಟಗಳನ್ನು ಎರಡನೇ ಋತುವಿಗೆ ಬಿಡುತ್ತೇನೆ, ಮತ್ತು ಮೊದಲ ದಿನದಿಂದಲೇ ಸೇಫ್ಟಿಗಳು ಒಬ್ಬರೋ ಇಬ್ಬರೋ ಎಂಬುದನ್ನು ಅವನೇ ಎಣಿಸಿ ಕೂಗಿ ಹೇಳುವಂತೆ ಮಾಡುತ್ತೇನೆ.