ಹೊಸ ಕಂಪ್ಯೂಟರಿಗೆ ಹಳೇ ಕೀಬೋರ್ಡ್: ಎರಡು ಮಳೆಗಾಲದ ನಂತರ

ಉಡುಪಿಯ ಕುಂಜಿಬೆಟ್ಟಿನಲ್ಲಿ ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತೇನೆ. ಮದುವೆ ಕಾಗದ, ನೇಮೋತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ, ಇಂಥವು. 2008ರಲ್ಲಿ ತಗೊಂಡ ಕೋರ್ 2 ಡ್ಯುಯೊ ಕಂಪ್ಯೂಟರ್ 2024ರ ಬೇಸಿಗೆಯಲ್ಲಿ ಕೈಕೊಟ್ಟಿತು. ಕೈಯಲ್ಲಿ ಇದ್ದದ್ದು 25 ಸಾವಿರ. ಹಾಗಾಗಿ ಮದರ್‌ಬೋರ್ಡ್, ಐ3 ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ ಮಾತ್ರ ಹೊಸದು ತಂದೆ. ಕ್ಯಾಬಿನೆಟ್, ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಪೆಟ್ಟಿಗೆ), ಹಾರ್ಡ್ ಡಿಸ್ಕ್, ಮಾನಿಟರ್, ಕೀಬೋರ್ಡ್ ಎಲ್ಲಾ ಹಳೇವೇ.

ಕ್ಯಾಬಿನೆಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೋರ್ಡು, ಕ್ಯಾಬಿನೆಟ್ಟುಗಳ ಎಟಿಎಕ್ಸ್ ಎಂಬ ಅಳತೆ 1995ರಿಂದ ಇದೆ, ಸ್ಕ್ರೂ ತೂತುಗಳು ಸರಿಯಾಗಿ ಕೂತವು. ಪವರ್ ಬಟನ್ನಿನ ವೈರ್ ಕೂಡ ಹೊಸ ಬೋರ್ಡಿನ ಪಿನ್ನಿಗೆ ಹೊಂದಿತು. ಹಳೇ ಡಿಡಿಆರ್2 ರ‍್ಯಾಮ್ ಮಾತ್ರ ಯಾವ ಕೆಲಸಕ್ಕೂ ಬರಲಿಲ್ಲ, ಅದರ ಕಚ್ಚು ಇರುವ ಜಾಗವೇ ಬೇರೆ.

ನಾನು ಬರೆಯಲು ಕೂತಿದ್ದು ಕೀಬೋರ್ಡಿಗಾಗಿ. ಟಿವಿಎಸ್ ಗೋಲ್ಡ್. ಬ್ಯಾಂಕು, ಕಚೇರಿಗಳ ಕೌಂಟರಿನ ಹಿಂದೆ ಟಕ್ ಟಕ್ ಎನ್ನುತ್ತಿತ್ತಲ್ಲ, ಅದೇ. ಕೀಲಿಗಳ ಕೆಳಗೆ ಚೆರ‍್ರಿ ಕಂಪನಿಯ ನೀಲಿ ಸ್ವಿಚ್. ನನ್ನದು ಗುಂಡು ಪಿನ್ನಿನ ಪಿಎಸ್/2 ಮಾದರಿ. ಐಬಿಎಂ 1987ರಲ್ಲಿ ತಂದ ಆ ಸಾಕೆಟ್ ಇರುವ ಬೋರ್ಡೇ ಬೇಕೆಂದು ಅಂಗಡಿಯಲ್ಲಿ ಹಟ ಹಿಡಿದೆ. ಅರ್ಧ ನೇರಳೆ, ಅರ್ಧ ಹಸಿರು ಬಣ್ಣದ ಸಾಕೆಟ್ ಇರುವ ಬೋರ್ಡ್ ಸಿಕ್ಕಿತು. ಕಂಪ್ಯೂಟರ್ ಓಡುವಾಗ ಈ ವೈರ್ ಕಿತ್ತು ಹಾಕಬಾರದು, ಆಫ್ ಮಾಡಿಯೇ ಮುಟ್ಟಬೇಕು.

ಬೆಳಿಗ್ಗೆ ಕಾಫಿ ಲೋಟ ದೂರ ಇಟ್ಟು, ಮೊದಲು ಬಟ್ಟೆಯ ಹೊದಿಕೆ ತೆಗೆಯುತ್ತೇನೆ. ಪೈಂಟ್ ಹಚ್ಚುವ ಸಣ್ಣ ಬ್ರಷ್ಷಿನಿಂದ ಸಾಲುಸಾಲಾಗಿ ಧೂಳು ಗುಡಿಸುತ್ತೇನೆ. ಆಮೇಲೆ ಖಾಲಿ ಪುಟದಲ್ಲಿ ಅಮ್ಮನ ಹೆಸರು ಒಂದು ಸಲ ಟೈಪ್ ಮಾಡುತ್ತೇನೆ. ಬೆರಳಿಗೆ ಆ ಸದ್ದು ಸಿಕ್ಕಿದ ಮೇಲೇ ಕೆಲಸ ಶುರು. ಆಯುಧಪೂಜೆಗೆ ಕಂಪ್ಯೂಟರಿಗಿಂತ ಮೊದಲು ಕುಂಕುಮ ಇದಕ್ಕೆ.

ಸಿಟ್ಟು ಬರಿಸಿದ್ದು ಎಸ್‌ಎಂಪಿಎಸ್. ಎರಡು ಸಾವಿರ ಉಳಿಯಿತು ಅಂದುಕೊಂಡಿದ್ದೆ. ನಾಲ್ಕನೇ ತಿಂಗಳಿಗೆ, ದೊಡ್ಡ ಪಿಡಿಎಫ್ ಮಾಡುವಾಗೆಲ್ಲ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗತೊಡಗಿತು. ಮುಹೂರ್ತಕ್ಕೆ ಎಂಟು ದಿನ ಇದ್ದ ಒಂದು ಮದುವೆ ಕಾಗದವನ್ನು ಮೂರು ಸಲ ಮೊದಲಿಂದ ಮಾಡಿದೆ. ರಿಪೇರಿಯವರು ಬಿಚ್ಚಿ ತೋರಿಸಿದರು: ಕರೆಂಟ್ ಹಿಡಿದಿಡುವ ಕೆಪಾಸಿಟರುಗಳ ತಲೆ ಉಬ್ಬಿತ್ತು. ಹದಿನಾರು ವರ್ಷದ ಬಿಸಿಗೆ ಒಳಗಿನ ದ್ರವ ಕೆಟ್ಟು, ಅನಿಲ ತುಂಬಿ ಹಾಗಾಗುತ್ತದಂತೆ. ದಯವಿಟ್ಟು ಹಳೇ ಎಸ್‌ಎಂಪಿಎಸ್ ಉಳಿಸಬೇಡಿ. ಅದು ಹೋಗುವಾಗ ಹೊಸ ಬೋರ್ಡನ್ನೂ ಕರೆದುಕೊಂಡು ಹೋಗಬಹುದು. ನೀವೇ ಬಿಚ್ಚಲೂ ಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟ್ ಉಳಿದಿರುತ್ತದೆ. ಹಳೇ ಹಾರ್ಡ್ ಡಿಸ್ಕನ್ನೂ ನಂಬುವುದಿಲ್ಲ, ಅದರಲ್ಲಿ ಈಗ ಫೈಲುಗಳ ಎರಡನೇ ಪ್ರತಿ ಮಾತ್ರ ಇಡುತ್ತೇನೆ.

ಮೊದಲ ಮಳೆಗಾಲ ಕೀಬೋರ್ಡನ್ನೂ ಬಿಡಲಿಲ್ಲ. ನಮ್ಮ ಕಡೆಯ ಜುಲೈ ತಿಂಗಳು ಗೊತ್ತಲ್ವಾ, ಬೀರುವಿನ ಬಟ್ಟೆಗೂ ಬೂಸ್ಟು. ಎಫ್ ಕೀಲಿ ಒಮ್ಮೆ ಒತ್ತಿದರೆ ಎರಡು ಸಲ ಬೀಳತೊಡಗಿತು. ಇಂಗ್ಲಿಷ್ ಬರೆಯುವವರಿಗೆ ಇದು ಸಣ್ಣ ತೊಂದರೆ ಇರಬಹುದು. ನಾನು ಬಳಸುವುದು ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ. ಮಂಗಳೂರು ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿ ಜೋಡಣೆ ಅದರದ್ದು. ಅದರಲ್ಲಿ ಒತ್ತಕ್ಷರ ಬರಬೇಕಾದರೆ ನಡುವೆ ಎಫ್ ಒತ್ತಬೇಕು. ‘ಅಮ್ಮ’ ಎಂದು ಬರೆಯಲೂ ಎಫ್ ಬೇಕು. ಹದಿನಾರು ವರ್ಷ ಕನ್ನಡ ಟೈಪ್ ಮಾಡಿದ ಕೀಬೋರ್ಡಿನಲ್ಲಿ ಮೊದಲು ಸವೆಯುವುದು ಅದೇ. ‘ಲಕ್ಷ್ಮೀ’ ಬರೆದರೆ ಒತ್ತು ಬೇರೆ, ಅಕ್ಷರ ಬೇರೆ ಆಗಿ ಬೀಳುತ್ತಿತ್ತು. ಪ್ರೂಫ್ ನೋಡಿದ ಗಿರಾಕಿಯ ಮುಂದೆ ತುಂಬಾ ಬೇಜಾರಾಯಿತು.

ಆ ವಾರ ಯುಎಸ್‌ಬಿಯ ಹೊಸ ಮೆತ್ತನೆ ಕೀಬೋರ್ಡ್ ಒಂದನ್ನು ತಂದೆ. ಎರಡು ದಿನದಲ್ಲಿ ಬೆರಳು ಸೋತಿತು. ಕೀಲಿ ಒತ್ತಿತೋ ಇಲ್ಲವೋ ಎಂದು ಪ್ರತಿ ಸಲ ಪರದೆ ನೋಡಬೇಕಿತ್ತು.

ಹಳೆಯದನ್ನೇ ಎತ್ತಿಕೊಂಡು ಅದೇ ರಿಪೇರಿಯವರ ಹತ್ತಿರ ಹೋದೆ. “ಇದಕ್ಕೆ ಹೊಸ ಸ್ವಿಚ್ ಎಂತಕ್ಕೆ ಮಾರಾಯ್ರೆ? ನೀವು ಸ್ಕ್ರಾಲ್ ಲಾಕ್ ಒತ್ತುವುದುಂಟಾ?” ಎಂದು ಕೇಳಿದರು. ಒಮ್ಮೆಯೂ ಒತ್ತಿರಲಿಲ್ಲ. ಆ ಸ್ವಿಚ್ಚಿನ ಬೆಸುಗೆ ಬಿಡಿಸಿ ಎಫ್ ಜಾಗಕ್ಕೆ ಹಾಕಿದರು, ಸವೆದದ್ದನ್ನು ಸ್ಕ್ರಾಲ್ ಲಾಕ್ ಜಾಗಕ್ಕೆ. ಅರ್ಧ ಗಂಟೆ ಕೆಲಸ, 150 ರೂಪಾಯಿ.

ಈಗ ಮಳೆಗಾಲದಲ್ಲಿ ತೇವ ಹಿಡಿಯದಿರಲೆಂದು ಕೆಲಸ ಇಲ್ಲದ ದಿನವೂ ಒಂದು ಗಂಟೆ ಕಂಪ್ಯೂಟರ್ ಓಡಿಸುತ್ತೇನೆ. ಗುಡುಗು ಕೇಳಿದರೆ ಪ್ಲಗ್ ಜೊತೆ ಇಂಟರ್ನೆಟ್ಟಿನ ವೈರನ್ನೂ ಕೀಳುತ್ತೇನೆ. ಎರಡನೇ ಮಳೆಗಾಲದಲ್ಲಿ ಒಂದು ಒತ್ತಕ್ಷರವೂ ತಪ್ಪಲಿಲ್ಲ. ಮುಂದೆ ಇನ್ನೊಂದು ಕೀಲಿ ಸವೆದರೆ ಪಾಸ್ (Pause) ಕೀಲಿಯ ಸ್ವಿಚ್ ತೆಗೆಯೋಣ ಎಂದು ರಿಪೇರಿಯವರು ಆಗಲೇ ಗುರುತು ಹಾಕಿಟ್ಟಿದ್ದಾರೆ.