ಉಷ್ಣವಲಯದ ಕಡಲನ್ನು ಆಲಿಸಲು ತಳದ ರೆಕಾರ್ಡರೋ, ಗ್ಲೈಡರೋ?
ಉಷ್ಣವಲಯದ ಕಡಲಿನಲ್ಲಿ ನೀರೊಳಗಿನ ಶಬ್ದವನ್ನು ಅಧ್ಯಯನ ಮಾಡಹೊರಟವರು ಹೈಡ್ರೋಫೋನನ್ನು, ಅಂದರೆ ನೀರೊಳಗಿನ ಮೈಕ್ರೋಫೋನನ್ನು, ರೆಕಾರ್ಡರಿನೊಡನೆ ತಳದಲ್ಲಿ ನೆಲೆಗೊಳಿಸಬೇಕೇ, ನೀರೊಳಗೆ ಸಾಗುವ ಮಾನವರಹಿತ ಯಂತ್ರವಾದ ಗ್ಲೈಡರಿಗೆ ಅಳವಡಿಸಬೇಕೇ ಎಂಬುದನ್ನು ಮೊದಲು ನಿರ್ಧರಿಸಬೇಕಾಗುತ್ತದೆ.

ಹವಳದ ದಿಬ್ಬಗಳ ಬಳಿ, ಕೊಂಡಿಯನ್ನು ರಭಸದಿಂದ ಮುಚ್ಚಿ ನೀರಿನಲ್ಲಿ ಗುಳ್ಳೆಯೆಬ್ಬಿಸುವ ಸಣ್ಣ ಸಿಗಡಿಗಳಿವೆ; ಆ ಗುಳ್ಳೆ ಕುಸಿದಾಗ ಹೊಮ್ಮುವ ಚಟಪಟ ಸದ್ದು ಸುಮಾರು 2 ಕಿಲೋಹರ್ಟ್ಸ್‌ನಿಂದ 200 ಕಿಲೋಹರ್ಟ್ಸ್‌ಗೂ ಮೇಲಕ್ಕೆ ಹಬ್ಬಿರುತ್ತದೆ. ಇದು ಬಿಡಿಬಿಡಿ ಸಿಡಿತಗಳ ಸರಣಿಯಾದುದರಿಂದ, ಗಾಸಿಯನ್ ಗದ್ದಲವನ್ನೇ (ತೀವ್ರ ಸಿಡಿತಗಳು ತೀರಾ ಅಪರೂಪವಾಗಿರುವ ಗದ್ದಲವನ್ನೇ) ಆಧಾರವಾಗಿಟ್ಟುಕೊಂಡು ರೂಪಿಸಿದ ಸಂಕೇತ ಪತ್ತೆಯ ವಿಧಾನಗಳು ಇಲ್ಲಿ ಎಡವುತ್ತವೆ. ಹಗಲಿರುಳು ಈ ಸದ್ದು ಬದಲಾಗುವ ಬಗೆಯನ್ನು ಹಿಡಿಯಲು, ಒಂದೇ ಜಾಗದಲ್ಲಿ ದೀರ್ಘಕಾಲ ಆಲಿಸುವ ತಳದ ರೆಕಾರ್ಡರಿಗೆ ಸಾಟಿಯಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಬೆಚ್ಚಗಿನ ನೀರಿನಲ್ಲಿ ಪಾಚಿ, ಚಿಪ್ಪುಜೀವಿಗಳು ಬೇಗನೆ ಅಂಟಿಕೊಂಡು ಅದರ ಸಂವೇದನೆಯನ್ನು ಕೆಡಿಸಬಲ್ಲವು; ದಾಖಲೆಯಂತೂ ಸಾಮಾನ್ಯವಾಗಿ ಉಪಕರಣವನ್ನು ಮೇಲೆತ್ತಿದ ಮೇಲಷ್ಟೇ ಕೈಸೇರುತ್ತದೆ.

ಗ್ಲೈಡರು ತನ್ನ ತೇಲುವಿಕೆಯನ್ನು ಬದಲಿಸಿಕೊಂಡು ಪ್ರೊಪೆಲ್ಲರ್ ಇಲ್ಲದೆಯೇ ಸಾಗುವುದರಿಂದ ಅದರ ಸ್ವಂತ ಸದ್ದು ಕಡಿಮೆ. ಜೊತೆಗೆ ತಾಪಮಾನ, ಲವಣಾಂಶಗಳನ್ನೂ ಅಳೆದು, ಶಬ್ದದ ವೇಗವು ಆಳದೊಂದಿಗೆ ಬದಲಾಗುವ ರೀತಿಯನ್ನು ತಿಳಿಸುತ್ತದೆ. ವಿಶಾಲವಾದ ಆಳಸಮುದ್ರದ ಸಮೀಕ್ಷೆಗೆ ಅದನ್ನೇ ಆರಿಸಿಕೊಳ್ಳಬೇಕು. ದಿಬ್ಬಗಳ ನಡುವಿನ ಬಲವಾದ ಉಬ್ಬರವಿಳಿತದ ಪ್ರವಾಹಕ್ಕೆ ಮಾತ್ರ, ಸೆಕೆಂಡಿಗೆ ಅರ್ಧ ಮೀಟರಿನಷ್ಟೂ ಸಾಗದ ಈ ಯಂತ್ರವನ್ನು ಒಡ್ಡಬಾರದು.