ಎರಡು ಮಳೆಗಾಲ ಕಂಡ ಎಮರ್ಜೆನ್ಸಿ ಪೌಚ್

ಇದಕ್ಕೆ ಬ್ರ್ಯಾಂಡ್ ಅಂತ ಏನಿಲ್ಲ. ಚಿಕ್ಕಪೇಟೆಯಲ್ಲಿ 150 ರೂಪಾಯಿಗೆ ಸಿಕ್ಕ ನೈಲಾನ್ ಪೌಚ್. ಅಂಗೈಗಿಂತ ಸ್ವಲ್ಪ ಉದ್ದ, ಒಳಗೆ ಎರಡು ಬಲೆ ಜೇಬು, ಒಂದು ಜಿಪ್. ಆಫೀಸ್ ಬ್ಯಾಗಿನಲ್ಲೇ ಇರುತ್ತದೆ. ರೆಡಿಮೇಡ್ ಕಿಟ್‌ಗಳನ್ನೂ ನೋಡಿದ್ದೆ. ಡಬ್ಬಿ ಮೇಲೆ ಐಟಂಗಳ ಲೆಕ್ಕ ದೊಡ್ಡದು, ಬಿಚ್ಚಿದರೆ ಅರ್ಧಕ್ಕರ್ಧ ಹತ್ತಿ. ಖಾಲಿ ಪೌಚ್ ತಗೊಂಡು ನಾವೇ ತುಂಬಿಸಿಕೊಳ್ಳುವುದು ವಾಸಿ.

ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಔಷಧಿ ಅಲ್ಲ, ಸೇಫ್ಟಿ ಪಿನ್. ಮಳೆಯಲ್ಲಿ ಹವಾಯಿ ಚಪ್ಪಲಿಯ ಉಂಗುಷ್ಟ ಕಿತ್ತುಬಂದರೆ ಅದನ್ನು ತೂತಿನೊಳಗೆ ತೂರಿಸಿ, ಅಡಿಯಲ್ಲಿ ಅಡ್ಡಕ್ಕೆ ಒಂದು ಪಿನ್ ಹಾಕಿದರಾಯಿತು, ಮನೆ ಮುಟ್ಟುವವರೆಗೆ ಚಿಂತೆಯಿಲ್ಲ. ಬ್ಯಾಗಿನ ಪಟ್ಟಿ, ಹರಿದ ರೇನ್‌ಕೋಟ್, ಎಲ್ಲಕ್ಕೂ ಅದೇ. ಆಮೇಲೆ ಚಿಲ್ಲರೆ ನೋಟು. ನೆಟ್‌ವರ್ಕ್ ಕೈಕೊಟ್ಟಾಗ 10, 20ರ ನೋಟು ಇದ್ದರೆ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಬರೆದುಕೊಡುವ ಪಜೀತಿ ಇಲ್ಲ.

ಮಾತ್ರೆ ವಿಷಯಕ್ಕೆ ಬರೋಣ. ಮೆಡಿಕಲ್ ಶಾಪಿನಲ್ಲಿ ನಾಲ್ಕು ಪ್ಯಾರಾಸಿಟಮಾಲ್ ಕೇಳಿದರೆ ಸ್ಟ್ರಿಪ್ ಕತ್ತರಿಸಿ ಕೊಡುತ್ತಾರೆ. ಎಕ್ಸ್‌ಪೈರಿ ತಾರೀಖು ಎಷ್ಟೋ ಸಲ ಅಂಗಡಿಯಲ್ಲೇ ಉಳಿದ ತುಂಡಿನಲ್ಲಿರುತ್ತದೆ! ತಾರೀಖು ಇರುವ ಕಡೆಯ ತುಂಡನ್ನೇ ಕೇಳಿ, ಇಲ್ಲವೇ ಅಲ್ಲೇ ನಿಂತು ಮಾರ್ಕರಿನಲ್ಲಿ ಬರೆದುಕೊಳ್ಳಿ. ಪೌಚನ್ನು ಸ್ಕೂಟರ್ ಡಿಕ್ಕಿಯಲ್ಲಿ ಬಿಡಬೇಡಿ. ಬಿಸಿಲಿಗೆ ಮಾತ್ರೆ ಕೆಡುತ್ತದೆ, ಬ್ಯಾಂಡೇಡಿನ ಅಂಟೂ ಹೋಗುತ್ತದೆ.

ಓಆರ್‌ಎಸ್ ಬೇಕಾದರೆ 200 ಮಿಲಿ ನೀರಿಗೆ ಆಗುವ ಚಿಕ್ಕ ಪ್ಯಾಕೆಟ್ಟೇ ಇರಲಿ. ದೊಡ್ಡದನ್ನು ಒಂದು ಲೀಟರಿಗೆ ಪೂರ್ತಿ ಕಲಸಬೇಕು. ಅಂದಾಜಿನಲ್ಲಿ ಅರ್ಧ ಸುರಿದರೆ ಉಪ್ಪು ಸಕ್ಕರೆಯ ಹದ ತಪ್ಪುತ್ತದೆ.

ಟಾರ್ಚ್ ಯಾಕೆ, ಫೋನ್ ಇದೆಯಲ್ವಾ ಅಂತ ಮನೆಯಲ್ಲಿ ಕೇಳಿದರು. ಕರೆಂಟ್ ಹೋದ ರಾತ್ರಿ ಫೋನಿನ ಚಾರ್ಜ್ ಉಳಿಸಲಿಕ್ಕೇ ಅದು. ಒಂದೇ ಸೆಲ್ಲಿನ ಪುಟ್ಟ ಟಾರ್ಚ್ ಸಾಕು. ಸೆಲ್ಲಿನ ತುದಿಗೆ ಸಣ್ಣ ಕಾಗದದ ಚೂರು ಸಿಕ್ಕಿಸಿಟ್ಟಿದ್ದೇನೆ. ಬ್ಯಾಗಿನಲ್ಲಿ ಬಟನ್ ಒತ್ತಿಕೊಂಡರೂ ಸುಮ್ನೆ ಉರಿಯುವುದಿಲ್ಲ.

ಮನೆಯವರ ನಂಬರ್, ಬ್ಲಡ್ ಗ್ರೂಪ್, 112, 108 ಬರೆದ ಚೀಟಿಯೂ ಇದೆ. ಬಾಲ್ ಪೆನ್ನಿನಲ್ಲೇ ಬರೆಯಿರಿ, ಜೆಲ್ ಪೆನ್ನಿನ ಶಾಯಿ ನೀರು ಬಿದ್ದರೆ ಕಲಸಿಹೋಗುತ್ತದೆ. ಚಿಕ್ಕ ಕತ್ತರಿಯೂ ಉಂಟು, ವಿಮಾನ ಹತ್ತುವ ದಿನ ಮನೆಯಲ್ಲೇ ಬಿಟ್ಟು ಹೋಗುತ್ತೇನೆ.

ಇನ್ನು ಪೌಚಿನ ದೂರು. ವಾಟರ್‌ಪ್ರೂಫ್ ಅಂತ ಮಾರಿದ್ದು, ಬಟ್ಟೆಯೇನೋ ನೀರು ತಡೆಯುತ್ತದೆ, ಜಿಪ್ಪಿನ ಸಂದಿಯಲ್ಲಿ ಇಳಿಯುತ್ತದೆ. ಹಾಗಾಗಿ ಪಿನ್, ಮಾತ್ರೆ, ಚೀಟಿ ಎಲ್ಲ ಜಿಪ್‌ಲಾಕ್ ಕವರಿನೊಳಗೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಜಿಪ್ ಬಿಗಿಯಾಯಿತು. ಹಲ್ಲುಗಳ ಮೇಲೆ ಮೇಣದಬತ್ತಿ ಉಜ್ಜಿದೆ, ಸರಿಹೋಯಿತು. ಹೊಲಿಗೆ ಇನ್ನೂ ಗಟ್ಟಿ.

ನನ್ನದು ಕಪ್ಪು ಬಣ್ಣದ್ದು. ಕಪ್ಪು ಬ್ಯಾಗಿನೊಳಗೆ ಕೈಯಾಡಿಸಿ ಹುಡುಕಬೇಕು. ನೀವು ತಗೊಳ್ಳುವುದಾದರೆ ಕೆಂಪೋ ಹಳದಿಯೋ ಇದೆಯಾ ಕೇಳಿ.